ಹದಿನಾಲ್ಕು ದಿನ, ನಲವತ್ತೈದು ಸಾವಿರ ಬಾಗಿಲು

ಎಲೆಕ್ಷನ್ ಬಂತೆಂದರೆ ನಮ್ಮ ಕಡೆ ಮೂರು ನಮೂನೆಯ ಉಮೇದುವಾರರು ಕಾಣಿಸಿಕೊಳ್ಳುತ್ತಾರೆ. ಪಕ್ಷದ ಟಿಕೇಟು ಸಿಕ್ಕವರು, ಟಿಕೇಟು ತಪ್ಪಿದವರು, ಟಿಕೇಟಿನ ಗೊಡವೆಗೇ ಹೋಗದವರು. ಮೊದಲನೆಯವರಿಗೆ ಜೀಪು, ಬಾವುಟ, ಭೋಂಗಾ, ಕಾರ್ಯಕರ್ತರ ಊಟ ಎಲ್ಲಾ ಪಕ್ಷದ ಲೆಕ್ಕದಲ್ಲಿ. ಎರಡನೆಯವರಿಗೆ ಸಿಟ್ಟೇ ಬಂಡವಾಳ. ಮೂರನೆಯವರಿಗೆ ಇರುವುದು ಎರಡು ಕಾಲು, ಒಂದು ಜೊತೆ ಚಪ್ಪಲಿ, ಹೆಗಲಿಗೊಂದು ಕರಪತ್ರದ ಚೀಲ. ಹಳಿಯಾಳದ ಪೇಟೆಯಲ್ಲೋ ದಾಂಡೇಲಿಯ ಬಸ್ ಸ್ಟ್ಯಾಂಡಿನಲ್ಲೋ ಇಂಥವರೊಬ್ಬರು ಎದುರಿಗೆ ಬಂದು ಕೈ ಮುಗಿದಾಗ ನಾವು ಚೀಟಿ ಇಸಕೊಳ್ಳುತ್ತೇವೆ, ಮಡಚಿ ಕಿಸೆಗೆ ಹಾಕುತ್ತೇವೆ, ಬಸ್ಸು ಹತ್ತುತ್ತೇವೆ. ಆಮೇಲೆ ಮತ ಎಣಿಕೆಯ ದಿನ ಪಟ್ಟಿಯ ಕೆಳಗಡೆ ಅವರ ಹೆಸರಿನ ಮುಂದೆ ನಾಲ್ಕುನೂರೋ ಏಳುನೂರೋ ಕಾಣುತ್ತದೆ. "ಪಾಪ, ಭಾಳ ಓಡಾಡಿದ್ದ" ಅನ್ನುವಲ್ಲಿಗೆ ಮುಗಿಯಿತು.

ಇಷ್ಟು ಓಡಾಡಿದವ ಹೀಗೆ ಯಾಕೆ ಸೋಲುತ್ತಾನೆ? ದುಡ್ಡಿಲ್ಲ, ಜಾತಿ ಬಲ ಇಲ್ಲ, ಪಕ್ಷ ಇಲ್ಲ ಎಂಬ ಮಾತು ಇದ್ದೇ ಇದೆ, ಸುಳ್ಳೂ ಅಲ್ಲ. ಆದರೆ ಅದಕ್ಕಿಂತ ಮೊದಲು ಒಂದು ಸಾದಾ ಗುಣಾಕಾರ ಇದೆ. ಅಂಗಡಿಯಲ್ಲಿ ಕೂತು ಲೆಕ್ಕ ಹಾಕುವವರಿಗೆ ಅದು ಕೂಡಲೇ ತಿಳಿಯುತ್ತದೆ.

ಹಳಿಯಾಳ ವಿಧಾನಸಭಾ ಕ್ಷೇತ್ರ ಅಂದರೆ ಹಳಿಯಾಳ, ದಾಂಡೇಲಿ, ಜೋಯಿಡಾ ಮೂರೂ ಸೇರಿ. ಮತದಾರರನ್ನು ಅಂದಾಜು ಒಂದು ಲಕ್ಷ ಎಂಬತ್ತು ಸಾವಿರ ಎಂದು ಹಿಡಿಯಿರಿ. ಮನೆಗೆ ನಾಲ್ಕು ಮತ ಅಂದರೆ ನಲವತ್ತೈದು ಸಾವಿರ ಬಾಗಿಲು. ಒಂದು ಬಾಗಿಲಿಗೆ ಐದೇ ನಿಮಿಷ. ಕರೆಯುವುದು, ಹೆಸರು ಹೇಳುವುದು, ಚಿಹ್ನೆ ತೋರಿಸುವುದು, ಮುಂದಿನ ಮನೆಗೆ ನಡೆಯುವುದು ಎಲ್ಲಾ ಅದರೊಳಗೇ. ದಿನಕ್ಕೆ ಎಂಟು ತಾಸು ನಡೆದರೆ ಸುಮಾರು ನೂರು ಮನೆ. ನಲವತ್ತೈದು ಸಾವಿರ ಮನೆ ಮುಗಿಸಲು 450 ದಿನ ಬೇಕು. ಒಂದೂಕಾಲು ವರ್ಷ, ಒಂದು ದಿನವೂ ರಜೆ ಇಲ್ಲದೆ.

ಕಾನೂನು ಕೊಡುವುದು ಎಷ್ಟು? 2023ರ ವಿಧಾನಸಭಾ ಚುನಾವಣೆಯನ್ನೇ ನೋಡಿ. ನಾಮಪತ್ರ ಹಿಂದೆ ತೆಗೆದುಕೊಳ್ಳುವ ಕಡೇ ದಿನ ಏಪ್ರಿಲ್ 24. ಪಕ್ಷೇತರನಿಗೆ ಚಿಹ್ನೆ ಖಾತ್ರಿಯಾಗುವುದು ಆವಾಗಲೇ. ಮತದಾನ ಮೇ 10. ಬಹಿರಂಗ ಪ್ರಚಾರ ಬಂದ್ ಆದದ್ದು ಮೇ 8ರ ಸಂಜೆ. ನಡುವೆ ಹದಿನಾಲ್ಕು ದಿನ. ಹದಿನಾಲ್ಕು ನೂರು ಮನೆ, ಐದು ಸಾವಿರದ ಆರುನೂರು ಮತದಾರರು. ಕಾಲು ಸೋತು ಬೀಳುವ ತನಕ ನಡೆದರೂ ಅಷ್ಟೇ. ಹಸ್ತವನ್ನಾಗಲಿ ಕಮಲವನ್ನಾಗಲಿ ಯಾರಿಗೂ ಪರಿಚಯ ಮಾಡಿಸಿಕೊಡಬೇಕಿಲ್ಲ. ಆದರೆ ಆಟೋರಿಕ್ಷಾನೋ, ಪ್ರೆಷರ್ ಕುಕ್ಕರೋ, ಗ್ಯಾಸ್ ಸಿಲಿಂಡರೋ ಈ ಸಲ ಯಾರದು ಎಂದು ಹದಿನಾಲ್ಕೇ ದಿನದಲ್ಲಿ ಮನೆ ಮನೆಗೆ ಕಲಿಸಿ ಬರಬೇಕು. ಯಂತ್ರದ ಮೇಲೆ ಅವನ ಹೆಸರು ಬರುವುದೂ ಎಲ್ಲರಿಗಿಂತ ಕೆಳಗೆ. ಮೊದಲು ಮಾನ್ಯತೆ ಪಡೆದ ಪಕ್ಷಗಳು, ನಂತರ ಬರೇ ನೋಂದಣಿಯಾದ ಪಕ್ಷಗಳು, ಕಡೆಗೆ ಪಕ್ಷೇತರರು. ಅವರ ಕೆಳಗೆ ಇರುವುದು ನೋಟಾ ಒಂದೇ.

ಈ ಹದಿನಾಲ್ಕು ದಿನದ ಹಿಂದೆ ನಮ್ಮ ಪಕ್ಕದ ಬೆಳಗಾವಿಯ ಕೈವಾಡವೂ ಇದೆ. 1996ರ ಲೋಕಸಭಾ ಚುನಾವಣೆಯಲ್ಲಿ ಪ್ರತಿಭಟನೆಗೆಂದು ಸಾಲುಗಟ್ಟಿ ನಾಮಪತ್ರ ಕೊಟ್ಟು, ಬೆಳಗಾವಿ ಕ್ಷೇತ್ರ ಒಂದರಲ್ಲೇ 456 ಮಂದಿ ಕಣದಲ್ಲಿ ಉಳಿದರು. ಆಂಧ್ರದ ನಲಗೊಂಡದಲ್ಲಿ 480. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಂತೂ ಸಾವಿರ ದಾಟಿತು. ಮತಪತ್ರ ಅಂದರೆ ಪುಸ್ತಕ ಆಯಿತು. ಅದೇ ವರ್ಷ ಸರಕಾರ ಕಾಯಿದೆ ಬಿಗಿ ಮಾಡಿತು. ವಿಧಾನಸಭೆಗೆ 250 ರೂಪಾಯಿ ಇದ್ದ ಠೇವಣಿ 5,000 ಆಯಿತು. ಪಕ್ಷದವನಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಜನ ಬೇಕು ಎಂದಾಯಿತು. ನಾಮಪತ್ರ ವಾಪಸಿನಿಂದ ಮತದಾನದವರೆಗೆ ಕನಿಷ್ಠ ಇಪ್ಪತ್ತು ದಿನ ಇದ್ದದ್ದು ಹದಿನಾಲ್ಕಕ್ಕೆ ಇಳಿಯಿತು. ಮುಂದೆ 2010ರಲ್ಲಿ ಠೇವಣಿ ವಿಧಾನಸಭೆಗೆ 10,000, ಲೋಕಸಭೆಗೆ 25,000 ಆಯಿತು. ಪರಿಶಿಷ್ಟರಿಗೆ ಅದರ ಅರ್ಧ. ತಮಾಷೆಗೆ, ಹಟಕ್ಕೆ ನಿಲ್ಲುವವರನ್ನು ತಡೆಯುವುದು ಕಾಯಿದೆಯ ಉದ್ದೇಶ. ಆದರೆ ಕಳೆದುಹೋದ ಆ ಆರು ದಿನ ತಮಾಷೆಯವನಿಗೆ ಬೇಕಾಗಿರಲೇ ಇಲ್ಲ, ನಡೆಯುವವನಿಗೆ ಬೇಕಾಗಿತ್ತು. ಇನ್ನೊಂದು ನಿಯಮ ಕೇಳಿ: ಮಾನ್ಯತೆ ಪಡೆದ ಪಕ್ಷದ ಉಮೇದುವಾರ ಮತದಾನಕ್ಕೆ ಮೊದಲು ತೀರಿಕೊಂಡರೆ ಮತದಾನ ಮುಂದಕ್ಕೆ ಹೋಗುತ್ತದೆ. ಪಕ್ಷೇತರ ತೀರಿಕೊಂಡರೆ ಹೋಗುವುದಿಲ್ಲ. ಬಿಸಿಲಲ್ಲಿ ನಡೆಯುವವರು ನೆನಪಿನಲ್ಲಿಟ್ಟುಕೊಳ್ಳುವುದು ಲೇಸು.

ಬಾಗಿಲು ಅಂದರೆ ಎಂಥ ಬಾಗಿಲು

ಲೆಕ್ಕ ಹಾಕುವಾಗ ನಾವು ಎಲ್ಲಾ ಬಾಗಿಲಿಗೂ ಐದು ನಿಮಿಷ ಎಂದೆವು. ನಮ್ಮ ನಾಲ್ಕು ತಾಲೂಕಿನಲ್ಲಿ ಅದು ಎಲ್ಲಿಯೂ ಸರಿಹೋಗುವುದಿಲ್ಲ.

ಹಳಿಯಾಳ ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹತ್ತು ಹೆಜ್ಜೆ. ನಡೆಯಲು ಸುಲಭ, ಗಿಟ್ಟುವುದು ಕಡಿಮೆ. ಅಂಗಡಿಕಾರ ಯಾರಿಗೂ ಇಲ್ಲ ಅನ್ನುವುದಿಲ್ಲ. "ಬರ್ರಿ, ಕೂಡ್ರಿ, ಚಾ ಕುಡೀರಿ" ಅನ್ನುತ್ತಾನೆ. ಚೀಟಿ ಗಲ್ಲಾಪೆಟ್ಟಿಗೆಯ ಕೆಳಗೆ ಹೋಗುತ್ತದೆ. ಅಲ್ಲಿ ಆಗಲೇ ಮೂರು ಪಕ್ಷದ ಚೀಟಿ ಇರುತ್ತವೆ. ಕಡೆಗೆ "ನೋಡೂಣ್ರಿ" ಎಂಬ ಒಂದು ಮಾತು. ಹೊಸ ಉಮೇದುವಾರ ಅದನ್ನು ಅರ್ಧ ಒಪ್ಪಿಗೆ ಎಂದು ಬರೆದುಕೊಳ್ಳುತ್ತಾನೆ. ಅಂಗಡಿಕಾರನಿಗೆ ಎಲ್ಲಾ ಪಕ್ಷದ ಗಿರಾಕಿ ಬೇಕು, ಉದ್ರಿ ವಸೂಲಾಗಬೇಕು, ನಾಳೆ ಪುರಸಭೆಯಲ್ಲಿ ಲೈಸೆನ್ಸು ಬೇಕು. ಅವನು ಮುಖ ತೋರಿಸುವುದು ಮತಯಂತ್ರಕ್ಕೆ ಮಾತ್ರ. ಇದನ್ನು ತಪ್ಪು ಅನ್ನಲಾಗದು. ಆದರೆ ಇಡೀ ದಿನ ಪೇಟೆ ಸುತ್ತಿ ನೂರು "ನೋಡೂಣ್ರಿ" ಒಟ್ಟು ಮಾಡಿದವ ರಾತ್ರಿ ಅದನ್ನು ನೂರು ಮತ ಎಂದು ಕೂಡಿಸಿದರೆ, ಆ ಲೆಕ್ಕ ಮಾತ್ರ ತಪ್ಪು.

ದಾಂಡೇಲಿಯ ಬಾಗಿಲೇ ಬೇರೆ. ಐವತ್ತರ ದಶಕದಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲು ಬಂದ ಮೇಲೆ ಊರು ಬೆಳೆದದ್ದೇ ಪಾಳಿಯ ಮೇಲೆ. ಹಗಲು ಹನ್ನೊಂದಕ್ಕೆ ಬಾಗಿಲು ಬಡಿದರೆ ಒಳಗೆ ರಾತ್ರಿ ಪಾಳಿ ಮುಗಿಸಿ ಬಂದವ ಮಲಗಿರುತ್ತಾನೆ. ಅವನ ನಿದ್ದೆ ಕೆಡಿಸಿದವನಿಗೆ ಆ ಮನೆಯ ನಾಲ್ಕೂ ಮತ ಹೋಯಿತು. ತಿಳಿದವರು ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲುತ್ತಾರೆ. ಇನ್ನೂ ತಿಳಿದವರು ಬಸ್ಸು ಹತ್ತುತ್ತಾರೆ. ದಾಂಡೇಲಿಯಿಂದ ಹಳಿಯಾಳದವರೆಗೆ ಒಂದು ಟ್ರಿಪ್ ನಿಂತುಕೊಂಡು ಹೋದರೆ ಐವತ್ತು ಜನ ಸಿಗುತ್ತಾರೆ, ಯಾರೂ ಬಾಗಿಲು ಹಾಕಿಕೊಳ್ಳುವಂತಿಲ್ಲ. ಚಿಲ್ಲರೆಗಾಗಿ ಕಂಡಕ್ಟರನ ಕೂಡ ಜಗಳ ನಡೆದಿರುವಾಗ ಮಾತ್ರ ಭಾಷಣ ಬೇಡ.

ಜೋಯಿಡಾಕ್ಕೆ ಬಂದರೆ ನಮ್ಮ ಗುಣಾಕಾರ ಪೂರಾ ಕೈಕೊಡುತ್ತದೆ. ವಿಸ್ತೀರ್ಣದಲ್ಲಿ ಜಿಲ್ಲೆಯ ದೊಡ್ಡ ತಾಲೂಕು, ಜನಸಂಖ್ಯೆ 2011ರ ಗಣತಿಯಲ್ಲಿ ಐವತ್ತು ಸಾವಿರದ ಆಸುಪಾಸು. ಬಹುಭಾಗ ಕಾಳಿ ಹುಲಿ ಸಂರಕ್ಷಿತ ಅರಣ್ಯ. ಕಾಳಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಹಳೇ ಸೂಪಾ ಊರು ನೀರಿನಡಿ ಹೋಯಿತು, ಮನೆ ಕಳಕೊಂಡವರಲ್ಲಿ ಅನೇಕರು ರಾಮನಗರಕ್ಕೆ ಬಂದರು. ಉಳಿದಂತೆ ಒಂದು ಕಣಿವೆಯಲ್ಲಿ ನಾಲ್ಕು ಮನೆ, ಗುಡ್ಡ ದಾಟಿ ಮತ್ತೆ ಎರಡು ಮನೆ. ಕುಣಬಿಗಳ ವಾಡೆ ಒಂದು ದಿಕ್ಕು, ಗೌಳಿಗಳ ದೊಡ್ಡಿ ಇನ್ನೊಂದು ದಿಕ್ಕು, ಸಿದ್ದಿಗಳ ಕೇರಿ ಮತ್ತೊಂದು ದಿಕ್ಕು. ಇಲ್ಲಿ ನೂರು ಮನೆಗೆ ಒಂದು ದಿನವಲ್ಲ, ಒಂದು ವಾರ ಬೇಕು. ಮನೆ ಮುಟ್ಟಿದ ಮೇಲೂ ಗಂಡಾಳು ಗೋವಾದಲ್ಲಿ ಕೆಲಸಕ್ಕೆ ಹೋಗಿರುತ್ತಾನೆ. ಮನೆಯಲ್ಲಿರುವ ಅಜ್ಜಿಗೆ ಕೊಂಕಣಿ ಬರುತ್ತದೆ, ಉಮೇದುವಾರನ ಚೀಟಿ ಕನ್ನಡದಲ್ಲಿದೆ.

ಆದರೂ ಇಡೀ ಕ್ಷೇತ್ರದಲ್ಲಿ ನಡೆದದ್ದಕ್ಕೆ ಬೆಲೆ ಸಿಗುವ ಜಾಗ ಇದ್ದರೆ ಅದು ಜೋಯಿಡಾವೇ ಎಂಬುದು ನಮ್ಮ ಅಭಿಪ್ರಾಯ. ಪೇಟೆಯವನಿಗೆ ದಿನಕ್ಕೆ ಹತ್ತು ಜನ ಕೈ ಮುಗಿಯುತ್ತಾರೆ. ಗುಡ್ಡದ ಮೇಲಿನ ಮನೆಗೆ ಐದು ವರ್ಷಕ್ಕೆ ಒಬ್ಬ ಬಂದರೆ ಅವನ ಹೆಸರು ಉಳಿಯುತ್ತದೆ. ಅಲ್ಲಿ ಕೇಳುವ ಪ್ರಶ್ನೆಯೂ ಸೀದಾ ಇರುತ್ತದೆ. ಕುಣಬಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸುವ ಬೇಡಿಕೆ ಎಷ್ಟೋ ವರ್ಷದ್ದು. ಇದೇ ಜಿಲ್ಲೆಯ ಸಿದ್ದಿಗಳಿಗೆ ಅದು 2003ರಲ್ಲಿ ಸಿಕ್ಕಿತು. "ನೀವು ಒಬ್ಬರೇ ಹೋಗಿ ದಿಲ್ಲಿಯಿಂದ ಅದನ್ನ ಹ್ಯಾಂಗ ತರ್ತೀರಿ?" ಎಂದು ಕೇಳಿದರೆ ಚೀಲದೊಳಗಿನ ಕರಪತ್ರದಲ್ಲಿ ಉತ್ತರ ಇರುವುದಿಲ್ಲ.

ಮುಂಡಗೋಡ ಬೇರೆ ಕ್ಷೇತ್ರ, ಅದು ಯಲ್ಲಾಪುರಕ್ಕೆ ಸೇರಿದೆ. ಅಲ್ಲಿ ನಿಲ್ಲುವವ ಯಲ್ಲಾಪುರದ ಅಡಿಕೆ ತೋಟದಿಂದ ಮುಂಡಗೋಡದ ಭತ್ತದ ಗದ್ದೆ ಹಾದು ಬನವಾಸಿಯವರೆಗೆ ನಡೆಯಬೇಕು. ಶಾಸಕರ ರಾಜೀನಾಮೆಯಿಂದ 2019ರ ಡಿಸೆಂಬರ್ 5ಕ್ಕೆ ಅಲ್ಲಿ ಉಪಚುನಾವಣೆ ಬಂತು. ಸುಗ್ಗಿಯ ಹೊತ್ತು, ಹಗಲು ಬಾಗಿಲಿಗೆ ಬೀಗ, ಮತದಾರ ಗದ್ದೆಯಲ್ಲಿ. ಇನ್ನು 1966ರಲ್ಲಿ ನೆಲೆಯಾದ ಟಿಬೇಟಿಯನ್ ಕ್ಯಾಂಪುಗಳು. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೇಟಿಯನ್ನರನ್ನು ಮತದಾರರ ಯಾದಿಗೆ ಸೇರಿಸಬೇಕೆಂದು ಚುನಾವಣಾ ಆಯೋಗ 2014ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ತೀರ್ಪಿನ ನಂತರ. ಹೀಗಾಗಿ ಒಂದೇ ಮನೆಯಲ್ಲಿ ಒಬ್ಬರಿಗೆ ಮತ ಇರಬಹುದು, ಇನ್ನೊಬ್ಬರಿಗೆ ಇಲ್ಲದಿರಬಹುದು. ಮತದಾರರ ಯಾದಿ ಕೈಯಲ್ಲಿ ಇಲ್ಲದೆ ಅಲ್ಲಿಗೆ ಹೋದವನ ದಿನ ದಂಡ.

ಗೆಲ್ಲಲಾರ, ಸೋಲಿಸಬಲ್ಲ

1983ರಿಂದ 2023ರವರೆಗೆ ಹಳಿಯಾಳಕ್ಕೆ ಹತ್ತು ವಿಧಾನಸಭಾ ಚುನಾವಣೆ ಆಗಿವೆ. ಒಂಬತ್ತು ಸಲ ಆರ್.ವಿ. ದೇಶಪಾಂಡೆ, ಒಂದು ಸಲ, 2008ರಲ್ಲಿ, ಸುನೀಲ ಹೆಗಡೆ. ದೇಶಪಾಂಡೆಯವರು ಮೊದಲು ಜನತಾ ಪರಿವಾರದಿಂದ ಗೆದ್ದರು, 1999ರಿಂದ ಕಾಂಗ್ರೆಸ್ಸಿನಿಂದ. ಹೆಗಡೆಯವರು ಗೆದ್ದದ್ದು ಜೆಡಿಎಸ್‌ನಿಂದ, 2023ರಲ್ಲಿ ಸೋತದ್ದು ಬಿಜೆಪಿಯಿಂದ. ಪಕ್ಷ ಬದಲಾದರೂ ಮತದಾರ ಮನುಷ್ಯನ ಹಿಂದೆ ಹೋಗಿದ್ದಾನೆ. ಅಂದ ಮೇಲೆ ಮನುಷ್ಯನನ್ನು ನೋಡಿ ಮತ ಹಾಕುವ ಕ್ಷೇತ್ರ ಪಕ್ಷೇತರನಿಗೆ ಅನುಕೂಲ ಅನಿಸಬೇಕು. ಆಗುವುದು ಉಲ್ಟಾ. ಇಲ್ಲಿಯ ಬಾಗಿಲುಗಳಿಗೆ ಆಗಲೇ ಪರಿಚಯದ ಮನುಷ್ಯ ಇದ್ದಾನೆ. ನಲವತ್ತು ವರ್ಷದಲ್ಲಿ ಮದುವೆಗೆ ಬಂದವರು, ಸಾವಿಗೆ ಬಂದವರು, ಮಗನಿಗೆ ಕೆಲಸಕ್ಕೆ ಚೀಟಿ ಕೊಟ್ಟವರು ಯಾರು ಎಂಬುದನ್ನು ಮನೆ ನೆನಪಿಟ್ಟಿರುತ್ತದೆ. ಹದಿನಾಲ್ಕು ದಿನದವ ಅದರ ಎದುರು ಐದು ನಿಮಿಷ ನಿಲ್ಲುತ್ತಾನೆ.

ಆದರೆ 2023ರಲ್ಲಿ ಗೆಲುವಿನ ಅಂತರ ಎಷ್ಟು? ಮೂರೂವರೆ ಸಾವಿರ ಚಿಲ್ಲರೆ. ನಡೆಯುವವನ ಹದಿನಾಲ್ಕು ದಿನದ ಲೆಕ್ಕ ಐದು ಸಾವಿರದ ಆರುನೂರು ಮತದಾರರು ಎಂದು ಮೇಲೆ ಬರೆದೆವು. ಅಷ್ಟೂ ಮಂದಿ ಮತ ಹಾಕುವುದಿಲ್ಲ ಎಂಬುದು ಖರೆ. ಆದರೂ ಇಂಥ ಬಿಗಿ ಚುನಾವಣೆಯಲ್ಲಿ ಒಂದೆರಡು ಸಾವಿರ ಎಲ್ಲಿಂದ ಕಿತ್ತುಕೊಂಡ ಎಂಬುದರ ಮೇಲೆ ದೊಡ್ಡವರ ಹಣೆಬರಹ ನಿಂತಿರುತ್ತದೆ. ಅದಕ್ಕೇ ನಾಮಪತ್ರ ವಾಪಸಿನ ಹಿಂದಿನ ರಾತ್ರಿ ಪಕ್ಷೇತರನ ಮನೆಗೇ ಜನ ಬರುತ್ತಾರೆ. ಬಾಗಿಲು ಬಡಿಯಬೇಕಾದವನ ಬಾಗಿಲನ್ನೇ ಬೇರೆಯವರು ಬಡಿಯುತ್ತಾರೆ. ಹಿರಿಯರ ಮಾತು, ನೆಂಟಸ್ತನ, ಮುಂದಿನ ಪಂಚಾಯತಿಗೆ ಭರವಸೆ, ಕೆಲವು ಕಡೆ ಬೇರೆ ತರದ ಮಾತೂ. ಮಧ್ಯಾಹ್ನ ಮೂರರೊಳಗೆ ಅರ್ಧ ಜನ ವಾಪಸು. ಆ ರಾತ್ರಿ ದಾಟಿದವನೇ ನಿಜವಾದ ಪಕ್ಷೇತರ. ಠೇವಣಿ ಉಳಿಯಬೇಕಾದರೆ ಸಿಂಧು ಮತಗಳ ಆರನೇ ಒಂದು ಪಾಲು ಮೀರಬೇಕು. ಒಂದು ಲಕ್ಷ ನಲವತ್ತು ಸಾವಿರ ಮತ ಬಿದ್ದರೆ ಇಪ್ಪತ್ಮೂರು ಸಾವಿರಕ್ಕೂ ಮೇಲೆ. ಹಾಗಾಗಿ ಆ ಹತ್ತು ಸಾವಿರ ಮರೆತೇ ಹೊರಡಬೇಕು.

ಮುದ್ರಣಾಲಯದವರಿಗೆ ಇಲ್ಲೊಂದು ಮಾತು. ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಇಲ್ಲವಾದರೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಸಾವಿರದವರೆಗೆ ದಂಡ, ಅಥವಾ ಎರಡೂ. ಪರಿಚಯದವರು, ಸಾವಿರವೇ ಚೀಟಿ ಎಂದು ಸಲಿಗೆ ತೋರಿಸಿದರೆ ಸಿಕ್ಕಿಬೀಳುವವರು ನೀವೇ.

ನಡೆದು ಗೆದ್ದವರು, ನಡೆದು ಸೋತವರು

ನಮ್ಮ ಜಿಲ್ಲೆ ಪಕ್ಷೇತರನನ್ನು ದಿಲ್ಲಿಗೆ ಕಳಿಸಿದ ಜಿಲ್ಲೆ ಎಂಬುದನ್ನು ಹೊಸಬರು ಮರೆತಿದ್ದಾರೆ. 1967ರಲ್ಲಿ ಕೆನರಾ ಲೋಕಸಭಾ ಕ್ಷೇತ್ರದಿಂದ ದಿನಕರ ದೇಸಾಯಿ ಆರಿಸಿ ಬಂದದ್ದು ಪಕ್ಷೇತರರಾಗಿ. ಚುಟುಕದ ದೇಸಾಯರೆಂದು ಅವರು ಎಲ್ಲರಿಗೂ ಗೊತ್ತು. ಆದರೆ ಮತ ತಂದದ್ದು ಚುಟುಕ ಒಂದೇ ಅಲ್ಲ. ಅಂಕೋಲೆಯ ಕಡೆ ಗೇಣಿ ರೈತರನ್ನು ಕಟ್ಟಿ ನಿಲ್ಲಿಸಿದ್ದಕ್ಕೆ ಬ್ರಿಟಿಷ್ ಸರಕಾರ ಅವರನ್ನು 1940ರಲ್ಲಿ ಜಿಲ್ಲೆಯಿಂದ ಗಡಿಪಾರು ಮಾಡಿತ್ತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತಂದರು. 1966ರಲ್ಲಿ ಅಂಕೋಲೆಗೆ ಕಾಲೇಜು ಬಂತು. ಮರುವರ್ಷ ಚುನಾವಣೆ. ಅವರು ಮತ ಕೇಳಲು ಹೋದ ಮನೆಗಳಲ್ಲಿ ಎಷ್ಟೋ ಮನೆಯ ಹುಡುಗರು ಅವರ ಶಾಲೆಯಲ್ಲೇ ಓದಿದ್ದರು. ಅವರ ಪ್ರಚಾರ ಶುರುವಾದದ್ದು ಮೂವತ್ತು ವರ್ಷ ಮೊದಲು ಎಂದರೂ ನಡೆಯುತ್ತದೆ, ಆಗ ಅದಕ್ಕೆ ಪ್ರಚಾರ ಎಂಬ ಹೆಸರಿರಲಿಲ್ಲ ಅಷ್ಟೆ.

ಇಪ್ಪತ್ತೆರಡು ವರ್ಷದ ಮೇಲೆ, 1989ರಲ್ಲಿ, ಅದೇ ಕ್ಷೇತ್ರಕ್ಕೆ ಶಿವರಾಮ ಕಾರಂತರು ನಿಂತರು. ವಯಸ್ಸು ಎಂಬತ್ತೇಳು, ಜ್ಞಾನಪೀಠ ಬಂದ ಮನುಷ್ಯ. ಕಾಳಿ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬೇಡ ಎಂಬುದೇ ಅವರ ಚುನಾವಣೆ. ರಾಜ್ಯದಲ್ಲಿ ಅವರ ಹೆಸರು ಗೊತ್ತಿಲ್ಲದ ಓದುಗ ಇರಲಿಲ್ಲ. ಗೆದ್ದದ್ದು ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕರು. ಕಾರಂತರು ಎತ್ತಿದ ಪ್ರಶ್ನೆ ಸಣ್ಣದಲ್ಲ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಕಾಂಕ್ರೀಟು ಕುಸಿದಾಗ ಅದು ಬಹಳ ಜನಕ್ಕೆ ನೆನಪಾಯಿತು. ಆದರೆ ಕೋಟದಿಂದ ಬಂದ ಕಾರಂತರಿಗೆ ಇಲ್ಲಿಯ ಮನೆಗಳಲ್ಲಿ ಗೌರವ ಇತ್ತು, ಬಳಕೆ ಇರಲಿಲ್ಲ. ಗೌರವಕ್ಕೆ ಕೈ ಮುಗಿಯುತ್ತಾರೆ, ಮತವನ್ನು ಬಳಕೆಗೆ ಹಾಕುತ್ತಾರೆ. ಇದು ನಮ್ಮ ಓದುವಿಕೆ, ಕಾರಂತರ ಅಭಿಮಾನಿಗಳು ಒಪ್ಪದಿದ್ದರೆ ಜಗಳವಿಲ್ಲ.

2013ರಲ್ಲಿ ಕರಾವಳಿ ತಾಲೂಕುಗಳಿಂದ ಇಬ್ಬರು ಪಕ್ಷೇತರ ಶಾಸಕರು ಬಂದರು. ಕಾರವಾರದಲ್ಲಿ ಸತೀಶ ಸೈಲ್, ಭಟ್ಕಳದಲ್ಲಿ ಮಂಕಾಳ ವೈದ್ಯ. ಇಬ್ಬರೂ ಉದ್ಯಮದಲ್ಲಿ ನೆಲೆ ಕಂಡವರು, ಚಪ್ಪಲಿ ಒಂದನ್ನೇ ನಂಬಿ ಹೊರಟವರಲ್ಲ. 2023ರಲ್ಲಿ ಇಬ್ಬರೂ ಗೆದ್ದದ್ದು ಕಾಂಗ್ರೆಸ್ ಟಿಕೇಟಿನ ಮೇಲೆ. ಅದೇ 2023ರಲ್ಲಿ ರಾಜ್ಯದ 224 ಕ್ಷೇತ್ರದಲ್ಲಿ ಗೆದ್ದ ಪಕ್ಷೇತರರು ಇಬ್ಬರೇ, ಗೌರಿಬಿದನೂರಿನ ಪುಟ್ಟಸ್ವಾಮಿ ಗೌಡ ಮತ್ತು ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ. ಒಬ್ಬರು ತಮ್ಮ ಹೆಸರಿನ ಪ್ರತಿಷ್ಠಾನದಿಂದ ಮೊದಲೇ ಮನೆ ಮಾತಾಗಿದ್ದವರು, ಇನ್ನೊಬ್ಬರು ಎಂ.ಪಿ. ಪ್ರಕಾಶರ ಮಗಳು. ಮಂಡ್ಯದಲ್ಲಿ 2019ರಲ್ಲಿ ಸುಮಲತಾ ಗೆದ್ದರು. ಅವರ ಎದುರು ಅದೇ ಹೆಸರಿನ ಇನ್ನೂ ಮೂವರು ಸುಮಲತಾ ನಿಂತಿದ್ದರು! ಕಹಳೆ ಊದುವ ರೈತನ ಚಿಹ್ನೆಯನ್ನು ಮನೆ ಮನೆಗೆ ಕಲಿಸದಿದ್ದರೆ ಹೆಸರೇ ಅವರಿಗೆ ಮುಳುವಾಗುತ್ತಿತ್ತು.

ಇನ್ನು ಬಾಗಿಲಲ್ಲಿ ತಪ್ಪದೆ ಬರುವ ಪ್ರಶ್ನೆ: "ಆರಿಸಿ ಬಂದ ಮ್ಯಾಲೆ ಯಾವ ಕಡೆ ಹೋಗ್ತೀರಿ?" ಇದಕ್ಕೆ "ಜನರ ಕಡೆ" ಎಂದು ಉತ್ತರಿಸುವವನನ್ನು ಯಾರೂ ನಂಬುವುದಿಲ್ಲ. 1985ರ ಪಕ್ಷಾಂತರ ನಿಷೇಧ ಕಾಯಿದೆಯ ಪ್ರಕಾರ ಪಕ್ಷೇತರನಾಗಿ ಗೆದ್ದವ ಯಾವುದೇ ಪಕ್ಷ ಸೇರಿದರೆ ಸದಸ್ಯತ್ವ ಹೋಗುತ್ತದೆ. ಸರಕಾರಕ್ಕೆ ಹೊರಗಿನಿಂದ ಬೆಂಬಲ ಕೊಡಲು ಅಡ್ಡಿಯಿಲ್ಲ. ಮಂತ್ರಿಯಾದರೆ? 2008ರಲ್ಲಿ ಬಹುಮತಕ್ಕೆ ಮೂರು ಕಡಿಮೆ ಇದ್ದ ಬಿಜೆಪಿಗೆ ಪಕ್ಷೇತರರು ಕೈಕೊಟ್ಟು ಮಂತ್ರಿಗಳಾದರು. 2010ರ ಅಕ್ಟೋಬರದಲ್ಲಿ ಬೆಂಬಲ ವಾಪಸು ಪಡೆದಾಗ, ಇವರು ಬಿಜೆಪಿಗೆ ಸೇರಿದಂತೆಯೇ ಆಗಿತ್ತೆಂದು ಸ್ಪೀಕರರು ಐವರನ್ನು ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಆದೇಶ ರದ್ದು ಮಾಡಿತು, ಬೆಂಬಲ ಕೊಟ್ಟು ಮಂತ್ರಿಯಾದ ಮಾತ್ರಕ್ಕೆ ಪಕ್ಷ ಸೇರಿದಂತಲ್ಲ ಎಂದಿತು. ಹಾಗಾದರೆ ಬಾಗಿಲಲ್ಲಿ ನಿಂತವ ಹೇಳಬೇಕಾದ್ದು ಇಷ್ಟು: ಯಾವ ಕೆಲಸ ಆದರೆ ಬೆಂಬಲ ಕೊಡುತ್ತೇನೆ, ಯಾವುದು ಆಗದಿದ್ದರೆ ಎದ್ದು ಬರುತ್ತೇನೆ. ಜೋಯಿಡಾದವನಿಗೆ ಕುಣಬಿಗಳ ಕಾಗದ, ಹಳಿಯಾಳದವನಿಗೆ ಕಬ್ಬಿನ ದರ, ದಾಂಡೇಲಿಯವನಿಗೆ ಹುಡುಗರ ಕೆಲಸ. ಮೂರು ಕೆಲಸದ ಹೆಸರು ಹಿಡಿದು ಹೇಳುವ ಪಕ್ಷೇತರನ ಚೀಟಿ ಗಲ್ಲಾದ ಕೆಳಗೆ ಹೋಗದೆ ಮೇಲೆ ಉಳಿದೀತು.

ಪ್ರಚಾರದ ಕಡೆಯ ನಲವತ್ತೆಂಟು ತಾಸಿನಲ್ಲಿ ಸಭೆ, ಮೆರವಣಿಗೆ, ಭೋಂಗಾ ಎಲ್ಲಾ ಬಂದ್. ಹೊರಗಿನಿಂದ ಬಂದ ಪುಢಾರಿಗಳು ಕ್ಷೇತ್ರ ಬಿಡಬೇಕು. ಮನೆ ಮನೆಗೆ ಹೋಗಿ ಕೇಳಲು ಮಾತ್ರ ಅಡ್ಡಿಯಿಲ್ಲ. ಪಕ್ಷಗಳ ಸದ್ದು ನಿಂತು ಒಬ್ಬನ ಮಾತು ಕೇಳಿಸುವ ಹೊತ್ತು ಅದೊಂದೇ. ನಮ್ಮ ಪಕ್ಷೇತರರಲ್ಲಿ ಬಹಳ ಮಂದಿ ಅಷ್ಟೊತ್ತಿಗೆ ದಣಿದು ಮನೆ ಸೇರಿರುತ್ತಾರೆ, ಅಥವಾ ಮತಗಟ್ಟೆಗೆ ಏಜೆಂಟರು ಸಿಗಲಿಲ್ಲವೆಂದು ಫೋನು ಹಿಡಿದು ಕೂತಿರುತ್ತಾರೆ.

ನಮ್ಮ ಗುಣಾಕಾರ ಸರಿಹೊಂದುವ ಚುನಾವಣೆ ಒಂದಿದೆ. ಗ್ರಾಮ ಪಂಚಾಯತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಕಾಗದದ ಮೇಲೆ ಎಲ್ಲರೂ ಪಕ್ಷೇತರರು. 2020ರ ಡಿಸೆಂಬರ್ 22 ಮತ್ತು 27ರಂದು ಹಾಗೇ ಆಯಿತು. ನಾಲ್ಕುನೂರು ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬುದು ಕಾಯಿದೆಯ ಅಂದಾಜು. ಅಂದರೆ ಹತ್ತಿರ ಹತ್ತಿರ ನೂರು ಮನೆ, ಒಂದು ದಿನದ ನಡಿಗೆ. ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ನಡುವಿನ ಮೆಟ್ಟಿಲು ಇಲ್ಲವಾಯಿತು. ಅದಕ್ಕೇ ನೂರು ಮನೆ ಗೆದ್ದವನೂ ಒಂದೇ ನೆಗೆತಕ್ಕೆ ನಲವತ್ತೈದು ಸಾವಿರಕ್ಕೆ ಕೈ ಹಾಕುತ್ತಾನೆ. ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ. ದಿನಕ್ಕೆ ನೂರರಂತೆ 450 ದಿನ ಬೇಕಾದವನು 2027ರ ಮಳೆಗಾಲ ಹಿಡಿಯುವ ಮೊದಲೇ ಜೋಯಿಡಾದ ಗುಡ್ಡ ಹತ್ತಿರಬೇಕಾಗುತ್ತದೆ.